ದೂರವು ಬೀಗವಲ್ಲ: ಇನ್ಸುಲಿನ್ ಪಂಪಿನ ರೇಡಿಯೊ ಸಂಪರ್ಕ ಕುರಿತು ಒಂದು ವಿಮರ್ಶೆ

2019ರ ಜೂನ್ 27ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ, ಮಧುಮೇಹಿಗಳಿಗಾಗಿ ಒಂದು ಎಚ್ಚರಿಕೆಯನ್ನು ಪ್ರಕಟಿಸಿತು. ಮೆಡ್‌ಟ್ರಾನಿಕ್ ಕಂಪೆನಿಯ ಮಿನಿಮೆಡ್ 508 ಮತ್ತು ಮಿನಿಮೆಡ್ ಪ್ಯಾರಡೈಮ್ ಸರಣಿಯ ಇನ್ಸುಲಿನ್ ಪಂಪುಗಳೊಂದಿಗೆ, ಹತ್ತಿರದಲ್ಲಿರುವ ಬೇರೊಬ್ಬ ವ್ಯಕ್ತಿ ರೇಡಿಯೊ ಮೂಲಕ ಸಂಪರ್ಕ ಸಾಧಿಸಬಹುದು. ಪಂಪಿನ ಹೊಂದಾಣಿಕೆಗಳನ್ನು ಬದಲಿಸಿ ಇನ್ಸುಲಿನನ್ನು ಹೆಚ್ಚಾಗಿ ಹರಿಸಬಹುದು ಅಥವಾ ನಿಲ್ಲಿಸಿಬಿಡಬಹುದು ಎಂಬುದು ಅದರ ಸಾರಾಂಶ. ಅಮೆರಿಕದಲ್ಲಿ ಆಗ ಸುಮಾರು 4,000 ಮಂದಿ ಈ ಮಾದರಿಗಳನ್ನು ಬಳಸುತ್ತಿರಬಹುದೆಂದು ಕಂಪೆನಿ ಗುರುತಿಸಿತ್ತು. ಪಂಪಿನೊಳಗಿನ ತಂತ್ರಾಂಶವನ್ನು ತಿದ್ದಿ ದೋಷವನ್ನು ಸರಿಪಡಿಸುವ ದಾರಿಯೇ ಆ ಪಂಪುಗಳಲ್ಲಿ ಇರಲಿಲ್ಲ. ಹೊಸ ಮಾದರಿಗೆ ಬದಲಾಯಿಸಿಕೊಳ್ಳಿ ಎಂಬುದಷ್ಟೇ ಸಲಹೆ.

ಇಂಥ ಸುದ್ದಿ ಬಂದಾಗ ಸಾಮಾನ್ಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಒಂದು, ದೂರದಲ್ಲಿ ಕುಳಿತೇ ರೋಗಿಯನ್ನು ಕೊಲ್ಲಬಲ್ಲ ಕನ್ನಗಳ್ಳರ ಬಗ್ಗೆ ದಪ್ಪಕ್ಷರದ ಶೀರ್ಷಿಕೆಗಳು. ಇನ್ನೊಂದು, ಪಂಪಿನ ರೇಡಿಯೊ ಕೆಲವೇ ಮೀಟರು ದೂರ ತಲಪುತ್ತದೆ, ಇದುವರೆಗೆ ಯಾರಿಗೂ ಹಾನಿಯಾಗಿಲ್ಲ, ಹಾಗಾಗಿ ಚಿಂತೆ ಬೇಡ ಎಂಬ ಸಮಾಧಾನ. ಮೊದಲನೆಯದು ಅತಿರೇಕವೆಂದು ಓದುಗರಿಗೆ ಬಹುಬೇಗ ತಿಳಿಯುತ್ತದೆ. ಎರಡನೆಯದು ಭೌತವಿಜ್ಞಾನದ ವೇಷ ತೊಟ್ಟು ಬರುವುದರಿಂದ ಸುಲಭವಾಗಿ ಒಪ್ಪಿಗೆಯಾಗಿಬಿಡುತ್ತದೆ. ಈ ಲೇಖನದ ತಕರಾರು ಮುಖ್ಯವಾಗಿ ಎರಡನೆಯದರೊಂದಿಗೆ. ಮೊದಲನೆಯದಕ್ಕೂ ಕೊನೆಯಲ್ಲಿ ಒಂದಿಷ್ಟು ಹೇಳಬೇಕಾಗಿದೆ.

ಪಂಪು ಮತ್ತು ಅದರ ಮೂರು ಕಿವಿಗಳು

ಮೊದಲನೆಯ ಬಗೆಯ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳು ನಾಶವಾಗಿರುತ್ತವೆ. ಇನ್ಸುಲಿನನ್ನು ಹೊರಗಿನಿಂದ ಕೊಡದೆ ಬದುಕಿಲ್ಲ. ದಿನಕ್ಕೆ ನಾಲ್ಕಾರು ಬಾರಿ ಚುಚ್ಚಿಕೊಳ್ಳುವುದು ಒಂದು ವಿಧಾನ. ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡ ಪಂಪಿನಿಂದ, ತೆಳುವಾದ ನಳಿಕೆಯ ಮೂಲಕ, ಚರ್ಮದ ಕೆಳಕ್ಕೆ ಇಡೀ ದಿನ ತೊಟ್ಟು ತೊಟ್ಟಾಗಿ ಹರಿಸುವುದು ಇನ್ನೊಂದು.

‘ತೊಟ್ಟು’ ಎಂದೆ, ಆದರೆ ಅದು ತೊಟ್ಟಿಗಿಂತಲೂ ಕಡಿಮೆ. ಪಂಪಿನಲ್ಲಿ ಬಳಸುವ ದ್ರಾವಣದ 1 ಮಿಲಿಲೀಟರಿನಲ್ಲಿ 100 ಯೂನಿಟ್ ಇನ್ಸುಲಿನ್ ಇರುತ್ತದೆ. (ನಮ್ಮ ಔಷಧ ಅಂಗಡಿಗಳಲ್ಲಿ 40 ಯೂನಿಟ್‌ನ ಸೀಸೆಗಳೂ ಸಿಗುತ್ತವೆ, ಎರಡನ್ನೂ ಅದಲುಬದಲು ಮಾಡಿಕೊಂಡು ತೊಂದರೆಗೆ ಸಿಲುಕುವವರಿದ್ದಾರೆ, ಅದು ಬೇರೆ ವಿಷಯ.) ಅಂದರೆ 1 ಯೂನಿಟ್ ಎಂದರೆ ಮಿಲಿಲೀಟರಿನ ನೂರನೆಯ ಒಂದು ಭಾಗ. ಮಿಲಿಲೀಟರಿಗೆ 20 ಹನಿಗಳೆಂದು ಲೆಕ್ಕ ಹಿಡಿದರೆ, ಒಂದು ಹನಿಯ ಐದನೆಯ ಒಂದು ಭಾಗ. 60 ಕಿಲೋಗ್ರಾಂ ತೂಕದ ವ್ಯಕ್ತಿಗೆ, ಕಿಲೋಗ್ರಾಂಗೆ ಅರ್ಧ ಯೂನಿಟ್‌ನಂತೆ, ದಿನಕ್ಕೆ 30 ಯೂನಿಟ್ ಸಾಕಾಗಬಹುದು. ಪಂಪಿನ 3 ಮಿಲಿಲೀಟರಿನ ತೊಟ್ಟಿಯಲ್ಲಾದರೋ 300 ಯೂನಿಟ್ ತುಂಬಿರುತ್ತದೆ. ಹತ್ತು ದಿನಗಳ ಇನ್ಸುಲಿನ್ ಮತ್ತು ದೇಹದ ನಡುವೆ ಇರುವುದು ಒಂದು ನಳಿಕೆ, ಒಂದು ಪುಟ್ಟ ಮೋಟಾರು, ಮತ್ತು ಆ ಮೋಟಾರು ಯಾರ ಮಾತನ್ನು ಕೇಳುತ್ತದೆ ಎಂಬ ಪ್ರಶ್ನೆ. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಕೈ ನಡುಕ, ಬೆವರು, ಗೊಂದಲ ಮೊದಲಾಗುತ್ತವೆ. ಇನ್ನೂ ಕೆಳಗಿಳಿದರೆ ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ಒಮ್ಮೆ ಒಳಗೆ ಹೋದ ಇನ್ಸುಲಿನನ್ನು ಹಿಂದಕ್ಕೆ ಎಳೆಯಲು ಬರುವುದಿಲ್ಲ.

ಈ ಮೋಟಾರಿಗೆ ರೇಡಿಯೊ ಸಂಪರ್ಕ ಏಕೆ ಬೇಕಾಯಿತು? ಕಾರಣಗಳು ನ್ಯಾಯವಾದವೇ. ರಕ್ತ ಪರೀಕ್ಷಿಸುವ ಮೀಟರು ತನ್ನ ಫಲಿತಾಂಶವನ್ನು ಪಂಪಿಗೆ ತಾನೇ ತಿಳಿಸಿದರೆ ಕೈಯಲ್ಲಿ ಒತ್ತುವಾಗಿನ ತಪ್ಪು ತಪ್ಪುತ್ತದೆ. ಬಟ್ಟೆಯೊಳಗಿನ ಪಂಪನ್ನು ಊಟದ ಮೇಜಿನ ಮುಂದೆ ಹೊರತೆಗೆಯುವುದು ಮುಜುಗರವಾದ್ದರಿಂದ ಪುಟ್ಟದೊಂದು ರಿಮೋಟ್ ಅನುಕೂಲ. ಚರ್ಮದ ಕೆಳಗಿನ ಗ್ಲೂಕೋಸನ್ನು ಕೆಲವೇ ನಿಮಿಷಗಳಿಗೊಮ್ಮೆ ಅಳೆಯುವ ಸಂವೇದಕ ಪಂಪಿನೊಡನೆ ಮಾತನಾಡಿದರೆ ರಾತ್ರಿ ನಿದ್ದೆಯಲ್ಲಿ ಆಗುವ ಕುಸಿತವನ್ನು ತಡೆಯಬಹುದು. ಮೀಟರು, ರಿಮೋಟ್, ಸಂವೇದಕ – ಹೀಗೆ ಪಂಪಿಗೆ ಮೂರು ಕಿವಿಗಳಾದವು. ಕಿವಿ ಕೊಟ್ಟವರು, ಕೇಳುತ್ತಿರುವುದು ಯಾರ ದನಿ ಎಂದು ಗುರುತಿಸುವ ಶಕ್ತಿಯನ್ನು ಕೊಡಲಿಲ್ಲ.

2011ರಲ್ಲಿ ತಿಳಿದದ್ದು

ಇದು 2019ರಲ್ಲಿ ಹೊಸದಾಗಿ ಪತ್ತೆಯಾದ ಸಂಗತಿಯಲ್ಲ. 2011ರ ಆಗಸ್ಟ್‌ನಲ್ಲಿ ಲಾಸ್ ವೆಗಾಸ್‌ನಲ್ಲಿ ನಡೆದ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ, ಸ್ವತಃ ಮೊದಲನೆಯ ಬಗೆಯ ಮಧುಮೇಹವಿರುವ ಜೇ ರ‍್ಯಾಡ್‌ಕ್ಲಿಫ್ ತಮ್ಮದೇ ಪಂಪಿಗೆ ಹೊರಗಿನಿಂದ ಆದೇಶ ಕಳಿಸಬಹುದೆಂದು ತೋರಿಸಿದರು. ಅದೇ ವರ್ಷ ಪ್ರಿನ್ಸ್‌ಟನ್ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯಗಳ ಚುನ್‌ಶಿಯಾವ್ ಲಿ, ಆನಂದ್ ರಘುನಾಥನ್ ಮತ್ತು ನೀರಜ್ ಝಾ ಅವರು, ಮಾರುಕಟ್ಟೆಯಲ್ಲಿ ಸಿಗುವ ಪಂಪು ಮತ್ತು ತಂತ್ರಾಂಶ ರೇಡಿಯೊವನ್ನು ಬಳಸಿ ಇಂಥದೇ ಪ್ರಯೋಗ ನಡೆಸಿ ಪ್ರಬಂಧ ಪ್ರಕಟಿಸಿದರು. ಸಂದೇಶಗಳು ಗೂಢಲಿಪಿಯಲ್ಲಿ ಇರಲಿಲ್ಲ. ಸಾಧನದ ಗುರುತಿನ ಸಂಖ್ಯೆ ಸಂದೇಶದಲ್ಲಿ ತೆರೆದೇ ಹೋಗುತ್ತಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಮಯಾಮಿಯಲ್ಲಿ ನ್ಯೂಜಿಲೆಂಡ್ ಮೂಲದ ಬಾರ್ನಬಿ ಜ್ಯಾಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಂಪಿನ ಸಂಖ್ಯೆಯನ್ನು ಮೊದಲೇ ತಿಳಿದಿರಬೇಕಾದ ಅಗತ್ಯವೂ ಇಲ್ಲದೆ, ಸುಮಾರು 90 ಮೀಟರು ದೂರದಿಂದ ಅದನ್ನು ವಶಪಡಿಸಿಕೊಳ್ಳಬಹುದೆಂದು ತೋರಿಸಿದರು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪಾರದರ್ಶಕ ಗೊಂಬೆಯೊಂದರ ಮೇಲೆ ಅದನ್ನೇ ಸಭಿಕರೆದುರು ಮಾಡಿದರು. ಜ್ಯಾಕ್ 2013ರ ಜುಲೈನಲ್ಲಿ ತೀರಿಕೊಂಡರು. 2011ರಿಂದ 2019ಕ್ಕೆ ಎಂಟು ವರ್ಷ. ಅಷ್ಟೂ ಕಾಲ ಆ ಪಂಪುಗಳು ಜನರ ಸೊಂಟದಲ್ಲಿದ್ದವು.

ಆ ಪಂಪುಗಳ ಸಂದೇಶದಲ್ಲಿ ಏನಿತ್ತು ಎಂಬುದನ್ನು ಸ್ವಲ್ಪ ಗಮನಿಸಿ. ಪಂಪಿನ ಆರು ಅಂಕಿಗಳ ಸಂಖ್ಯೆ, ಆದೇಶ, ಮತ್ತು ಕೊನೆಯಲ್ಲಿ ಸಿಆರ್‌ಸಿ ಎಂಬ ತಾಳೆ ಸಂಖ್ಯೆ. ಸಂದೇಶದ ಬಿಟ್‌ಗಳನ್ನೆಲ್ಲ ಒಂದು ನಿಗದಿತ ಗಣಿತಕ್ಕೆ ಒಳಪಡಿಸಿದಾಗ ಉಳಿಯುವ ಶೇಷವೇ ಈ ತಾಳೆ ಸಂಖ್ಯೆ. ಪಡೆಯುವ ಸಾಧನ ಅದೇ ಲೆಕ್ಕ ಮಾಡಿ, ಉತ್ತರ ಕೂಡಿಬಂದರೆ ಸಂದೇಶವನ್ನು ಒಪ್ಪುತ್ತದೆ, ಇಲ್ಲವಾದರೆ ಬಿಸುಡುತ್ತದೆ. ಹಾದಿಯಲ್ಲಿ ಗುಡುಗು ಮಿಂಚಿನಿಂದಲೋ ಪಕ್ಕದ ಯಂತ್ರದಿಂದಲೋ ಒಂದೆರಡು ಬಿಟ್ ಕೆಟ್ಟಿದ್ದರೆ ಅದು ಕೂಡಲೇ ಗೊತ್ತಾಗುತ್ತದೆ. ಬಹಳ ಸೊಗಸಾದ ಉಪಾಯ, ವಿದ್ಯಾರ್ಥಿಗಳು ತಪ್ಪದೆ ಕಲಿಯಬೇಕಾದದ್ದು.

ಆದರೆ ಈ ಲೆಕ್ಕದ ವಿಧಾನ ತಿಳಿದ ಯಾರು ಬೇಕಾದರೂ ಸರಿಯಾದ ತಾಳೆ ಸಂಖ್ಯೆ ಇರುವ ಸುಳ್ಳು ಸಂದೇಶವನ್ನು ರಚಿಸಬಹುದು. ಸಿಆರ್‌ಸಿ ಉತ್ತರಿಸುವ ಪ್ರಶ್ನೆ ‘ಸಂದೇಶ ಕೆಟ್ಟಿದೆಯೇ?’ ಎಂಬುದು. ‘ಇದನ್ನು ಕಳಿಸಿದವರು ಯಾರು?’ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಅಂಚೆಯಲ್ಲಿ ಬಂದ ಕಾಗದ ಮಳೆಯಲ್ಲಿ ನೆನೆದಿಲ್ಲ ಎಂಬುದು ಅದಕ್ಕೆ ಹಾಕಿದ ಸಹಿಗೆ ಪ್ರಮಾಣವಾಗುತ್ತದೆಯೇ? ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಪಂಪಿನ ತಯಾರಕರು ನಿಸರ್ಗದ ಎದುರು ರಕ್ಷಣೆ ಕಟ್ಟಿದರು, ಮನುಷ್ಯನ ಎದುರು ಕಟ್ಟಲಿಲ್ಲ. ನಿಸರ್ಗದ ಗದ್ದಲಕ್ಕೆ ಉದ್ದೇಶವಿಲ್ಲ. ಅದು ಹತ್ತು ಸಲ ಸೋತರೆ ಹನ್ನೊಂದನೆಯ ಸಲ ಬುದ್ಧಿ ಕಲಿತು ಬರುವುದಿಲ್ಲ.

ಇನ್ನು ಆರು ಅಂಕಿಗಳ ಸಂಖ್ಯೆ. ಸಾಧ್ಯತೆಗಳು ಒಟ್ಟು 10 ಲಕ್ಷ. ಸೆಕೆಂಡಿಗೆ ಹತ್ತರಂತೆ ಒಂದು ಯಂತ್ರ ಪ್ರಯತ್ನಿಸುತ್ತದೆ ಎಂದು ಭಾವಿಸಿದರೆ 1 ಲಕ್ಷ ಸೆಕೆಂಡು, ಸುಮಾರು 28 ಗಂಟೆ. ಸರಾಸರಿಯಲ್ಲಿ ಅದರ ಅರ್ಧ ಸಾಕು. ಸಂಖ್ಯೆ ಗಾಳಿಯಲ್ಲಿ ತೆರೆದೇ ಹೋಗುತ್ತಿರುವಾಗ ಈ ಶ್ರಮವೂ ಬೇಡ. ಸಾಧನದ ಬೆನ್ನ ಮೇಲೆ ಅಚ್ಚಾಗಿರುವ ಸಂಖ್ಯೆ ಹೆಸರಿನಂತೆ. ಹೆಸರನ್ನೇ ಗುಟ್ಟಿನ ಮಾತಾಗಿ ಬಳಸಿದರೆ ಆಗುವುದು ಹೀಗೆಯೇ.

ಅಂದಿನ ಕಾಲಕ್ಕೆ ಇದಕ್ಕಿಂತ ಹೆಚ್ಚಿನದು ಸಾಧ್ಯವಿರಲಿಲ್ಲವೆಂದು ಹೇಳುವಂತಿಲ್ಲ. ಕಾರಿನ ಬಾಗಿಲು ತೆರೆಯುವ ರಿಮೋಟ್‌ಗಳಲ್ಲಿ, ಒತ್ತಿದಾಗಲೆಲ್ಲ ಬದಲಾಗುವ ಸಂಕೇತದ ಏರ್ಪಾಡು 1990ರ ದಶಕದಲ್ಲೇ ಇತ್ತು. ಎಇಎಸ್ ಎಂಬ ಗೂಢಲಿಪಿ ವಿಧಾನ 2001ರಲ್ಲಿ ಅಮೆರಿಕದಲ್ಲಿ ಶಿಷ್ಟ ವಿಧಾನವಾಯಿತು. ಪುಟ್ಟ ಬ್ಯಾಟರಿಗೆ ಗೂಢಲಿಪಿಯ ಲೆಕ್ಕ ಭಾರವಾದೀತೆಂಬ ವಾದವೂ ನಿಲ್ಲುವುದಿಲ್ಲ. ಪ್ರೇಷಕ ಚಾಲೂ ಇರುವಾಗ ಖರ್ಚಾಗುವ ಶಕ್ತಿಯ ಮುಂದೆ ಇಂಥ ಲೆಕ್ಕಕ್ಕೆ ಬೇಕಾಗುವುದು ಅಲ್ಪ. ಹೃದಯದ ಪೇಸ್‌ಮೇಕರ್ ವಿಷಯದಲ್ಲಾದರೆ ಒಂದು ನಿಜವಾದ ತೊಡಕಿದೆ. ರೋಗಿ ಪ್ರಜ್ಞೆ ತಪ್ಪಿ ಯಾವುದೋ ಊರಿನ ಆಸ್ಪತ್ರೆಗೆ ಬಂದಾಗ, ಬೀಗ ಬಲವಾಗಿದ್ದರೆ ಅಲ್ಲಿನ ವೈದ್ಯರೂ ಒಳಹೋಗಲಾರರು. ಪಂಪಿಗೆ ಆ ತೊಡಕು ಸಹ ಇಲ್ಲ. ತುರ್ತಿನಲ್ಲಿ ನಳಿಕೆಯನ್ನು ಕಿತ್ತರೆ ಆಯಿತು.

ಕೆಲವೇ ಮೀಟರು ಎಂಬ ಮಾತು

ಈಗ ಭೌತವಿಜ್ಞಾನಕ್ಕೆ ಬರೋಣ. 2016ರ ಅಕ್ಟೋಬರ್‌ನಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಅನಿಮಾಸ್ ಕಂಪೆನಿ ತನ್ನ ಒನ್‌ಟಚ್ ಪಿಂಗ್ ಪಂಪಿನ ಬಗ್ಗೆ ಅಮೆರಿಕ ಮತ್ತು ಕೆನಡಾದ ಸುಮಾರು 1,14,000 ಬಳಕೆದಾರರಿಗೆ ಪತ್ರ ಬರೆಯಿತು. ದೋಷವನ್ನು ಪತ್ತೆಮಾಡಿದವರು ಈ ಬಾರಿಯೂ ರ‍್ಯಾಡ್‌ಕ್ಲಿಫ್. ಈ ಪಂಪಿನ ಮೀಟರು-ರಿಮೋಟ್ ಕಳಿಸುವ ಸಂದೇಶಗಳೂ ಬಯಲಲ್ಲೇ ಹೋಗುತ್ತಿದ್ದವು. ಒಮ್ಮೆ ಕೇಳಿಸಿಕೊಂಡು ಹಿಡಿದಿಟ್ಟ ಸಂದೇಶವನ್ನು ಮತ್ತೆ ಪ್ರಸಾರ ಮಾಡಿದರೂ ಪಂಪು ನಂಬುತ್ತಿತ್ತು. ಕಂಪೆನಿ ತಾನಾಗಿ ಬಳಕೆದಾರರಿಗೆ ತಿಳಿಸಿದ್ದು ಮೆಚ್ಚತಕ್ಕ ಕೆಲಸ. ರಿಮೋಟ್ ಸೌಲಭ್ಯವನ್ನು ಆರಿಸುವುದು, ಒಮ್ಮೆಗೆ ಹರಿಯಬಹುದಾದ ಇನ್ಸುಲಿನ್‌ಗೆ ಮಿತಿ ಹಾಕುವುದು, ಹರಿಯುವ ಮೊದಲು ಪಂಪು ಕಂಪಿಸುವಂತೆ ಮಾಡಿಕೊಳ್ಳುವುದು ಮುಂತಾದ ಉಪಯುಕ್ತ ಸೂಚನೆಗಳೂ ಪತ್ರದಲ್ಲಿದ್ದವು. ಜೊತೆಗೆ, ಇಂಥ ಪ್ರವೇಶದ ಸಂಭವ ಅತ್ಯಂತ ಕಡಿಮೆ, ಅದಕ್ಕೆ ತಾಂತ್ರಿಕ ಪರಿಣತಿಯೂ ಸಂಕೀರ್ಣ ಉಪಕರಣವೂ ಪಂಪಿನ ಸಾಮೀಪ್ಯವೂ ಬೇಕು ಎಂಬ ಭರವಸೆಯಿತ್ತು. ಆಗ ಹೇಳಲಾದ ದೂರ ಸುಮಾರು 25 ಅಡಿ, ಅಂದರೆ 7.6 ಮೀಟರು.

7.6 ಮೀಟರು ಎಂಬುದು ಯಾವುದರ ಗುಣ? ಪಂಪಿನದೇ? ನಿಮ್ಮ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹಾಕಿ ನೋಡಿ. ಹೆಚ್ಚಿನವರು ಹೌದೆನ್ನುತ್ತಾರೆ. ನಿಜದಲ್ಲಿ ಅದು ಪ್ರೇಷಕ ಮತ್ತು ಗ್ರಾಹಕ ಎರಡೂ ಸೇರಿದ ಜೋಡಿಯ ಗುಣ. ಮುಕ್ತ ಅವಕಾಶದಲ್ಲಿ ಗ್ರಾಹಕಕ್ಕೆ ಸಿಗುವ ಸಾಮರ್ಥ್ಯವು ದೂರದ ವರ್ಗಕ್ಕೆ ವಿಲೋಮವಾಗಿಯೂ, ಎರಡೂ ಆಂಟೆನಾಗಳ ಲಾಭಾಂಕಗಳಿಗೆ ಅನುಲೋಮವಾಗಿಯೂ ಇರುತ್ತದೆ. ಲಾಭಾಂಕವೆಂದರೆ, ಎಲ್ಲ ದಿಕ್ಕುಗಳಿಗೂ ಹಂಚಿಹೋಗುವ ಶಕ್ತಿಯನ್ನು ಆಂಟೆನಾ ಒಂದೇ ದಿಕ್ಕಿಗೆ ಎಷ್ಟು ಪಟ್ಟು ಒಗ್ಗೂಡಿಸುತ್ತದೆ ಎಂಬುದರ ಅಳತೆ. ಹಿಂದೆ ಮನೆಮನೆಯ ಮಾಳಿಗೆಯ ಮೇಲೆ ಟಿ.ವಿ.ಗಾಗಿ ನಿಲ್ಲಿಸುತ್ತಿದ್ದೆವಲ್ಲ, ಮೀನಿನ ಮುಳ್ಳಿನಂಥ ಯಾಗಿ ಆಂಟೆನಾ, ಅದರ ಕೆಲಸ ಇದೇ. ದೂರದ ಕೇಂದ್ರದ ಚಿತ್ರ ಮಸುಕಾದಾಗ ನಾವು ಕೇಂದ್ರದವರಿಗೆ ಸಾಮರ್ಥ್ಯ ಹೆಚ್ಚಿಸಿ ಎಂದು ಬರೆಯುತ್ತಿರಲಿಲ್ಲ, ಇನ್ನಷ್ಟು ಕಡ್ಡಿಗಳಿರುವ ಆಂಟೆನಾ ತರುತ್ತಿದ್ದೆವು.

ಲೆಕ್ಕ ಸರಳ. ಕದ್ದು ಕೇಳುವವನು ಸಾಧಾರಣ ಆಂಟೆನಾದ ಬದಲು 25 ಪಟ್ಟು ಲಾಭಾಂಕದ ಆಂಟೆನಾ ಹಿಡಿದರೆ, 25ರ ವರ್ಗಮೂಲ 5, ದೂರ ಐದು ಪಟ್ಟಾಗುತ್ತದೆ: 38 ಮೀಟರು. ಕೇಳುವುದಲ್ಲ, ಆದೇಶ ಕೊಡುವುದೇ ಉದ್ದೇಶವಾದರೆ ಅವನು ಇನ್ನೊಂದು ಕೆಲಸ ಮಾಡಬಹುದು. ರಿಮೋಟ್‌ನ ಬ್ಯಾಟರಿ ಪುಟ್ಟದು, ಅವನದು ಪುಟ್ಟದಾಗಿರಬೇಕೆಂದಿಲ್ಲ. ಪ್ರೇಷಕದ ಸಾಮರ್ಥ್ಯವನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ದೂರ ಮತ್ತೆ ಎರಡು ಪಟ್ಟು, ಒಟ್ಟು 76 ಮೀಟರು. ಪಂಪಿನ ಕ್ಷೀಣ ಉತ್ತರ ಅವನಿಗೆ ಕೇಳಿಸದಿರಬಹುದು. ಆದರೆ ಆದೇಶ ಪಾಲನೆಯಾಗಲು ಉತ್ತರ ಕೇಳಿಸಬೇಕಿಲ್ಲವಲ್ಲ! ಗೋಡೆಗಳು, ಮನುಷ್ಯನ ದೇಹ, ನೆಲದ ಪ್ರತಿಫಲನ ಎಲ್ಲ ಸೇರಿ ಈ ಅಂಕಿಗಳನ್ನು ತಗ್ಗಿಸುತ್ತವೆ ನಿಜ. ಇದು ಬೇರೆ ಪಂಪಿನ ದೂರದಿಂದ ಹೊರಟ ಲೆಕ್ಕವೂ ಹೌದು. ಹಾಗಿದ್ದರೂ ಹೆಚ್ಚು ಲಾಭಾಂಕದ ಆಂಟೆನಾದೊಂದಿಗೆ ಬಾರ್ನಬಿ ಜ್ಯಾಕ್ ತೋರಿಸಿದ 90 ಮೀಟರು ಪವಾಡವಲ್ಲವೆಂದು ಮನಗಾಣಲು ಇಷ್ಟು ಸಾಕು. ‘ಸಂಕೀರ್ಣ ಉಪಕರಣ’ದ ಮಾತೂ ಹಾಗೆಯೇ. ರೇಡಿಯೊ ಸಂಕೇತಗಳನ್ನು ಕಂಪ್ಯೂಟರಿಗೆ ಇಳಿಸುವ ತಂತ್ರಾಂಶ ರೇಡಿಯೊದ ಕಡ್ಡಿಗಳು ಇಂದು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ. ಕಾಲೇಜಿನ ಪ್ರಯೋಗಾಲಯಗಳು ಕೊಳ್ಳಬೇಕಾದ ಒಳ್ಳೆಯ ಉಪಕರಣ ಅದು.

ಹಾಗಾದರೆ ದೂರ ಎಂದೂ ರಕ್ಷಣೆಯಾಗದೇ? ಆಗುತ್ತದೆ, ಆದರೆ ಅದಕ್ಕೆ ಬೇರೆ ಭೌತವಿಜ್ಞಾನ ಬೇಕು. ಆಂಟೆನಾದ ಸುತ್ತ, ತರಂಗದೂರವನ್ನು ಎರಡು ಪೈನಿಂದ ಭಾಗಿಸಿದಷ್ಟು ದೂರದವರೆಗೆ, ಸಮೀಪ ಕ್ಷೇತ್ರದ ಆಳ್ವಿಕೆ. ಅಲ್ಲಿ ಸುರುಳಿಯ ಕಾಂತಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಕ್ಷೇತ್ರ ಎಂಟನೆಯ ಒಂದು, ಅದು ಒಯ್ಯಬಲ್ಲ ಶಕ್ತಿ ಅರವತ್ತನಾಲ್ಕನೆಯ ಒಂದು. ಆ ಗಡಿಯಾಚೆ ತರಂಗ ಸ್ವತಂತ್ರವಾಗಿ ಹೊರಟುಬಿಡುತ್ತದೆ. ಅಬಟ್ ಕಂಪೆನಿಯ ಮೊದಲ ಪೀಳಿಗೆಯ ಫ್ರೀಸ್ಟೈಲ್ ಲಿಬ್ರೆ ಸಂವೇದಕವನ್ನು ಓದಲು ಫೋನನ್ನೋ ಓದುಗ ಯಂತ್ರವನ್ನೋ ತೋಳಿಗೆ ತಾಗಿಸುವಷ್ಟು ಹತ್ತಿರ ತರಬೇಕಿತ್ತು. ಅದರ ಆವೃತ್ತಿ 13.56 ಮೆಗಾಹರ್ಟ್ಸ್, ತರಂಗದೂರ 22 ಮೀಟರು, ಸಮೀಪ ಕ್ಷೇತ್ರದ ಗಡಿ 3.5 ಮೀಟರು. ಅಮೆರಿಕದಲ್ಲಿ ಮಾರಿದ ಪ್ಯಾರಡೈಮ್ ಪಂಪಿನ ಆವೃತ್ತಿ 916.5 ಮೆಗಾಹರ್ಟ್ಸ್, ತರಂಗದೂರ ಸುಮಾರು 33 ಸೆಂಟಿಮೀಟರು, ಗಡಿ ಸುಮಾರು 5 ಸೆಂಟಿಮೀಟರು. ಅಂಗಿಯ ಗುಂಡಿ ದಾಟುವಷ್ಟರಲ್ಲಿ ಸಂದೇಶ ಲೋಕಕ್ಕೆಲ್ಲ ಸೇರಿದ್ದು! ಹಾಗೆಂದು ಎಲ್ಲವನ್ನೂ ಸಮೀಪ ಕ್ಷೇತ್ರದಲ್ಲೇ ಇಡಲು ಬರುವುದಿಲ್ಲ. ಮೊದಲ ಲಿಬ್ರೆ ರಾತ್ರಿ ಎಬ್ಬಿಸುವಂತಿರಲಿಲ್ಲ. ನಂತರದ ಪೀಳಿಗೆ ಎಚ್ಚರಿಕೆ ಗಂಟೆಗಾಗಿ ಬ್ಲೂಟೂತ್ ಸೇರಿಸಿಕೊಂಡಿತು. ನಿದ್ದೆಯಲ್ಲಿ ಗ್ಲೂಕೋಸ್ ಕುಸಿಯುವ ಮಗುವಿನ ತಾಯಿಗೆ ಆ ಗಂಟೆ ಬೇಕೇ ಬೇಕು. ಹಾಗಾಗಿ ಬೀಗವನ್ನು ದೂರದಲ್ಲಿ ಹುಡುಕದೆ ಸಂದೇಶದೊಳಗೇ ಇಡಬೇಕಾಗುತ್ತದೆ. ಪಂಪು ಮತ್ತು ರಿಮೋಟ್‌ಗೆ ಮಾತ್ರ ತಿಳಿದ ಒಂದು ಕೀಲಿ, ಪ್ರತಿ ಸಂದೇಶಕ್ಕೂ ಏರುತ್ತ ಹೋಗುವ ಒಂದು ಕ್ರಮಸಂಖ್ಯೆ, ಎರಡನ್ನೂ ಆದೇಶದೊಡನೆ ಬೆರೆಸಿ ಲೆಕ್ಕ ಹಾಕಿದ ಒಂದು ಮುದ್ರೆ. ಕೀಲಿ ಇಲ್ಲದವರು ಮುದ್ರೆ ಒತ್ತಲಾರರು. ಹಳೆಯ ಸಂದೇಶವನ್ನು ಮತ್ತೆ ಕಳಿಸಿದರೆ ಕ್ರಮಸಂಖ್ಯೆ ಹಿಂದಿನದಾದ್ದರಿಂದ ಪಂಪು ಅದನ್ನು ಒಪ್ಪುವುದಿಲ್ಲ.

ಸಂಭವ ಅತ್ಯಂತ ಕಡಿಮೆ ಎಂಬ ಪದಪುಂಜದ ಬಗ್ಗೆಯೂ ಒಂದು ಮಾತು. ಗದ್ದಲದಿಂದ ಒಂದು ಬಿಟ್ ಕೆಡುವ ಸಂಭವವನ್ನು ನಾವು ಅಳೆಯಬಲ್ಲೆವು. ದಾಳವನ್ನು ಉರುಳಿಸಿದ ಹಾಗೆ ಅದು ನಡೆಯುತ್ತದೆ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೇಡು ಬಗೆಯುವ ಸಂಭವಕ್ಕೆ ಅಂಥ ದಾಳವಿಲ್ಲ. ದಾರಿ ಸುಲಭವಾದಷ್ಟೂ ಅದು ತಾನೇ ಏರುತ್ತದೆ.

ಅದೇ ಬಾಗಿಲಿನಿಂದ ಒಳಬಂದ ರೋಗಿಗಳು

ಈ ಕಥೆಗೆ ಇನ್ನೊಂದು ಮುಖವಿದೆ. ತೆರೆದಿದ್ದ ಆ ಬಾಗಿಲನ್ನು ಹೆಚ್ಚಾಗಿ ಬಳಸಿದವರು ಕನ್ನಗಳ್ಳರಲ್ಲ, ಸ್ವತಃ ರೋಗಿಗಳು. ಸಂವೇದಕ ಗ್ಲೂಕೋಸನ್ನು ಅಳೆಯುತ್ತದೆ, ಪಂಪು ಇನ್ಸುಲಿನನ್ನು ಹರಿಸುತ್ತದೆ, ನಡುವೆ ಲೆಕ್ಕ ಹಾಕಲು ಒಂದು ಪುಟ್ಟ ಕಂಪ್ಯೂಟರ್ ಇಟ್ಟರೆ ಕೃತಕ ಮೇದೋಜೀರಕ ಗ್ರಂಥಿ ಸಿದ್ಧವಾಗುತ್ತದಲ್ಲವೇ? ಕಂಪೆನಿಗಳು ಇದನ್ನು ಮಾರುಕಟ್ಟೆಗೆ ತರುವವರೆಗೆ ಕಾಯಲು ಅಮೆರಿಕದ ಕೆಲವು ಮಧುಮೇಹಿಗಳೂ ಅವರ ಮನೆಯವರೂ ಸಿದ್ಧರಿರಲಿಲ್ಲ. ಬೆನ್ ವೆಸ್ಟ್ ವರ್ಷಗಟ್ಟಲೆ ಕುಳಿತು ಮೆಡ್‌ಟ್ರಾನಿಕ್ ಪಂಪಿನ ಸಂಭಾಷಣೆಯನ್ನು ಬಿಡಿಸಿದರು. ಅದರ ಮೇಲೆ ಡೇನಾ ಲೂಯಿಸ್ ಮತ್ತು ಸ್ಕಾಟ್ ಲೈಬ್ರಾಂಡ್ ಕಟ್ಟಿದ ವ್ಯವಸ್ಥೆಯ ವಿನ್ಯಾಸ 2015ರಲ್ಲಿ ‘ಓಪನ್‌ಎಪಿಎಸ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು. ಹೊಸ ಪಂಪುಗಳು ಹೊರಗಿನ ಆದೇಶ ಒಪ್ಪದ ಕಾರಣ, ದೋಷವಿರುವ ಹಳೆಯ ಪಂಪುಗಳನ್ನೇ ಜನ ಹುಡುಕಿ ತರತೊಡಗಿದರು. 2019ರಲ್ಲಿ ಎಫ್‌ಡಿಎ ಬಿಟ್ಟುಬಿಡಿ ಎಂದದ್ದು ಇವರು ಹುಡುಕುತ್ತಿದ್ದ ಪಂಪುಗಳನ್ನೇ.

ಇದನ್ನು ನೋಡಿ, ಭದ್ರತೆ ಹೆಚ್ಚಾದರೆ ರೋಗಿಯ ಸ್ವಾತಂತ್ರ್ಯ ಹೋಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. 1883ರಲ್ಲೇ ಡಚ್ ಭಾಷಾವಿದ್ವಾಂಸ ಆಗಸ್ಟ್ ಕೆರ್ಕ್‌ಹಾಫ್ಸ್ ಸೈನಿಕ ಗೂಢಲಿಪಿಯ ಬಗ್ಗೆ ಬರೆಯುತ್ತ, ವ್ಯವಸ್ಥೆಯ ವಿವರವೆಲ್ಲ ಶತ್ರುವಿನ ಕೈಗೆ ಸಿಕ್ಕರೂ ಕೀಲಿಯೊಂದು ಗುಟ್ಟಾಗಿದ್ದರೆ ಸಾಕು, ಅಂಥದೇ ಒಳ್ಳೆಯ ವ್ಯವಸ್ಥೆ ಎಂಬ ತತ್ತ್ವವನ್ನು ಮುಂದಿಟ್ಟಿದ್ದರು. ಪ್ಯಾರಡೈಮ್ ಇದಕ್ಕೆ ತದ್ವಿರುದ್ಧ. ಅಲ್ಲಿ ವಿಧಾನ ಗುಟ್ಟು, ಕೀಲಿಯೇ ಇಲ್ಲ. ವಿಧಾನ ತಿಳಿದ ಕ್ಷಣ ರೋಗಿಗೂ ದಾರಿಹೋಕನಿಗೂ ವ್ಯತ್ಯಾಸ ಉಳಿಯಲಿಲ್ಲ. ವಿಧಾನ ಬಹಿರಂಗವಾಗಿದ್ದು ಕೀಲಿ ರೋಗಿಯ ಕೈಯಲ್ಲಿದ್ದರೆ ಎರಡೂ ಉದ್ದೇಶ ಈಡೇರುತ್ತವೆ. ರೋಗಿಗಳೇ ರೂಪಿಸಿದ ಇನ್ನೊಂದು ತಂತ್ರಾಂಶವಾದ ಲೂಪ್‌ನ ಪರಿಷ್ಕೃತ ರೂಪ, ಟೈಡ್‌ಪೂಲ್ ಲೂಪ್, 2023ರ ಜನವರಿಯಲ್ಲಿ ಎಫ್‌ಡಿಎ ಒಪ್ಪಿಗೆ ಪಡೆದದ್ದು ಈ ದಾರಿ ಅಸಾಧ್ಯವಲ್ಲವೆಂದು ತೋರಿಸುತ್ತದೆ.

ಓಪನ್‌ಎಪಿಎಸ್‌ನಲ್ಲಿ ಕಂಪೆನಿಗಳೂ ಗಮನಿಸಬೇಕಾದ ಒಂದು ಜಾಣ್ಮೆಯಿದೆ. ಕಂಪ್ಯೂಟರು ಪಂಪಿಗೆ ಕೊಡುವುದು ಅರ್ಧ ಗಂಟೆಯ ಅವಧಿಯ ತಾತ್ಕಾಲಿಕ ಆದೇಶ. ಸಂಪರ್ಕ ಕಡಿದರೆ ಅವಧಿ ಮುಗಿದೊಡನೆ ಪಂಪು ವೈದ್ಯರು ನಿಗದಿಪಡಿಸಿದ ಹರಿವಿಗೆ ತಾನೇ ಮರಳುತ್ತದೆ. ಕೆಡುವುದಾದರೆ ಸುರಕ್ಷಿತವಾಗಿ ಕೆಡಬೇಕು ಎಂಬ ಎಂಜಿನಿಯರಿಂಗಿನ ಹಳೆಯ ಪಾಠ.

ದಾಳಿಯಿಲ್ಲದೆ ಆದ ಹಾನಿ

ಈಗ ದಪ್ಪಕ್ಷರದ ಶೀರ್ಷಿಕೆಗಳ ಸರದಿ. 2019ರ ಎಚ್ಚರಿಕೆಯ ಜೊತೆಯಲ್ಲೇ ಎಫ್‌ಡಿಎ, ಈ ದೋಷದಿಂದ ರೋಗಿಗಳಿಗೆ ಹಾನಿಯಾದ ದೃಢಪಟ್ಟ ವರದಿ ತನಗೆ ಬಂದಿಲ್ಲವೆಂದು ಹೇಳಿತ್ತು. ಇದಕ್ಕೆ ಹೋಲಿಸಿ ಇನ್ನೊಂದು ಅಂಕಿಯನ್ನು ನೋಡಿ. 2024ರಲ್ಲಿ ಟ್ಯಾಂಡೆಮ್ ಕಂಪೆನಿಯ ಟಿ:ಸ್ಲಿಮ್ ಎಕ್ಸ್2 ಪಂಪಿನೊಡನೆ ಕೆಲಸ ಮಾಡುವ ಐಫೋನ್ ತಂತ್ರಾಂಶದ 2.7 ಆವೃತ್ತಿಯಲ್ಲಿ ಒಂದು ತಪ್ಪಿತ್ತು. ತಂತ್ರಾಂಶ ಕುಸಿದು ಮತ್ತೆ ಮತ್ತೆ ಎದ್ದು, ಪಂಪಿನೊಡನೆ ಅತಿಯಾಗಿ ಬ್ಲೂಟೂತ್ ಸಂಭಾಷಣೆ ನಡೆಸಿ ಪಂಪಿನ ಬ್ಯಾಟರಿಯನ್ನು ಬರಿದು ಮಾಡುತ್ತಿತ್ತು. ಬ್ಯಾಟರಿ ಮುಗಿದ ಪಂಪು ನಿಂತುಬಿಡುತ್ತದೆ, ಇನ್ಸುಲಿನ್ ಇಲ್ಲದೆ ಗ್ಲೂಕೋಸ್ ಏರುತ್ತದೆ. ಆ ವರ್ಷದ ಏಪ್ರಿಲ್ 15ರವರೆಗೆ ವರದಿಯಾದ ಹಾನಿಯ ಪ್ರಕರಣಗಳು 224. ಸಾವುಗಳು ವರದಿಯಾಗಿರಲಿಲ್ಲ. ಕೇಡು ಬಗೆದವರು ಒಬ್ಬರೂ ಇರಲಿಲ್ಲ. 2019ರ ನವೆಂಬರ್ ಕೊನೆಯಲ್ಲಿ ಡೆಕ್ಸ್‌ಕಾಮ್ ಕಂಪೆನಿಯ ಸರ್ವರುಗಳು ಕೈಕೊಟ್ಟಾಗಲೂ ಹೀಗೆಯೇ. ಮಕ್ಕಳ ಗ್ಲೂಕೋಸನ್ನು ತಮ್ಮ ಫೋನಿನಲ್ಲಿ ನೋಡುತ್ತಿದ್ದ ತಂದೆತಾಯಿಯರಿಗೆ ಎಚ್ಚರಿಕೆಗಳು ಸದ್ದಿಲ್ಲದೆ ನಿಂತುಹೋದವು.

ಕಂಪ್ಯೂಟರ್ ಭದ್ರತೆಯ ಪಠ್ಯಗಳು ಗೋಪ್ಯತೆ, ಸಾಚಾತನ, ಲಭ್ಯತೆ ಎಂದು ಮೂರು ಗುಣಗಳನ್ನು ಹೇಳುತ್ತವೆ. ಪತ್ರಿಕೆಗಳಿಗೆ ಮೊದಲೆರಡು ರೋಚಕ. ರೋಗಿಯ ದಿನನಿತ್ಯದ ಬದುಕಿನಲ್ಲಿ ಮೂರನೆಯದೇ ದೊಡ್ಡದು. ಆದರೂ ಮೂರೂ ಒಂದೇ ಬೇರಿನವು. ಬಳಕೆಗೆ ಬಂದ ಮೇಲೆ ತಂತ್ರಾಂಶವನ್ನು ಯಾರು ಕಾಯುತ್ತಾರೆ, ತಪ್ಪು ಸಿಕ್ಕಾಗ ಹೇಗೆ ತಿದ್ದುತ್ತಾರೆ ಎಂಬುದು ಮಾರುವಾಗಲೇ ನಿರ್ಧಾರವಾಗಿರಬೇಕು. 2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾಗಿ 2023ರಿಂದ ಜಾರಿಗೆ ಬಂದ ಅಮೆರಿಕದ ಕಾನೂನು ಇದನ್ನೇ ಕೇಳುತ್ತದೆ: ದೋಷಗಳನ್ನು ಗಮನಿಸುವ ಯೋಜನೆ, ತಿದ್ದುಪಡಿ ಒದಗಿಸುವ ಏರ್ಪಾಡು, ಒಳಗಿರುವ ತಂತ್ರಾಂಶದ ಭಾಗಗಳ ಪಟ್ಟಿ. ಇವನ್ನು ತೋರಿಸದ ಸಂಪರ್ಕ ಸಾಧನಕ್ಕೆ ಅನುಮತಿ ಸಿಗುವುದು ಕಷ್ಟ.

ನಮ್ಮಲ್ಲಿ ಪಂಪು ಬಳಸುವವರು ಕಡಿಮೆ. ಆದರೆ 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ತೋಳಿಗೆ ಅಂಟಿಸುವ ಸಂವೇದಕಗಳು ನಮ್ಮ ನಗರಗಳಿಗೂ ಬಂದಿವೆ. 2017ರ ವೈದ್ಯಕೀಯ ಸಾಧನ ನಿಯಮಗಳ ವ್ಯಾಪ್ತಿಯನ್ನು 2020ರ ಏಪ್ರಿಲ್ 1ರಿಂದ, ತಂತ್ರಾಂಶವೂ ಸೇರಿದಂತೆ, ಎಲ್ಲ ವೈದ್ಯಕೀಯ ಸಾಧನಗಳಿಗೂ ವಿಸ್ತರಿಸಲಾಗಿದೆ. ಕೊಳ್ಳುವಾಗ ಮಾರುವವರನ್ನು ಕೇಳಲು ಎರಡೇ ಪ್ರಶ್ನೆ ಸಾಕು: ಇದರ ತಂತ್ರಾಂಶವನ್ನು ಎಷ್ಟು ವರ್ಷ ತಿದ್ದಿ ಕೊಡುತ್ತೀರಿ? ಫೋನು ಅಥವಾ ಜಾಲ ಇಲ್ಲದಾಗ ಸಾಧನ ಏನು ಮಾಡುತ್ತದೆ? ಸುದ್ದಿಗೆ ಹೆದರಿ ಯಾರೂ ಪಂಪನ್ನೋ ಸಂವೇದಕವನ್ನೋ ಕಳಚಿಡಬಾರದು. ಅದನ್ನು ವೈದ್ಯರೊಡನೆ ಮಾತನಾಡಿಯೇ ನಿರ್ಧರಿಸಬೇಕು.

ಶಿಕ್ಷಕರಿಗೆ ಮಾತ್ರ ಒಂದು ವಿಶೇಷ ಸೂಚನೆ. ನಿಮ್ಮ ತರಗತಿಯಲ್ಲಿ ಸಂವೇದಕ ಧರಿಸಿದ ಮಗು ಇದ್ದರೆ, ಅದರ ಚೀಲದಲ್ಲಿರುವ ಫೋನು ಆಟಿಕೆಯಲ್ಲ, ಒಂದು ಮಾಪಕದ ಮುಖ. ಶಾಲೆಯಲ್ಲಿ ಫೋನು ತರಬಾರದೆಂಬ ನಿಯಮದ ಪ್ರಕಾರ ಅದನ್ನು ಮುಖ್ಯೋಪಾಧ್ಯಾಯರ ಕೊಠಡಿಯ ಉಕ್ಕಿನ ಬೀರುವಿನಲ್ಲಿ ಇಟ್ಟುಬಿಟ್ಟರೆ, ಬೀರು ಒಂದು ಫ್ಯಾರಡೆ ಪಂಜರದಂತೆ ವರ್ತಿಸಿ ಸಂಕೇತವನ್ನು ತಡೆಯುತ್ತದೆ. ಬೀರು ಇಲ್ಲದಿದ್ದರೂ ಈ ಬ್ಲೂಟೂತ್ ಸಂವೇದಕಗಳು ಸುಮಾರು 6 ಮೀಟರಿನ ಆಚೆ ಫೋನಿಗೆ ತಲಪುವ ಭರವಸೆಯಿಲ್ಲ. ಫೋನಿನ ಧ್ವನಿಯನ್ನು ಆರಿಸದೆ, ತರಗತಿಯ ನಿಮ್ಮ ಮೇಜಿನ ಮೇಲೆ ಇರಿಸಿಕೊಳ್ಳಿ. ಗಂಟೆ ಬಾರಿಸಿದರೆ ಏನು ಕೊಡಬೇಕೆಂದು ಮಗುವಿನ ತಾಯಿಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.